ಹೆಣಿಗೆಯ ಕೋಣೆಯಲ್ಲಿ ಹುಟ್ಟಿದ ಶಿಶುಶಾಲೆ

ಶಿಶುವಿಹಾರ, ಬಾಲವಾಡಿ, ಕಿಂಡರ್‌ಗಾರ್ಟನ್ ಎಂಬ ಮಾತುಗಳು ಇಂದು ಎಲ್ಲರ ಬಾಯಲ್ಲಿಯೂ ಇವೆ. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಅದಕ್ಕೆ ಯಾವ ಶಾಲೆಯಲ್ಲಿ ಸ್ಥಳ ದೊರೆತೀತು ಎಂಬ ಯೋಚನೆ ಈ ಮುಂಬಯಿಯ ತಂದೆತಾಯಿಗಳನ್ನು ಹಿಡಿದುಕೊಳ್ಳುತ್ತದೆ. ಇಂತಹ ಶಾಲೆಗಳ ಮೂಲ ಯಾವುದೆಂದು ಕೇಳಿದರೆ ಬಲ್ಲವರು ಜರ್ಮನಿಯ ಫ್ರೋಬೆಲ್ ಅವರ ಹೆಸರನ್ನೋ ಇಟಲಿಯ ಮಾಂಟೆಸೊರಿಯವರ ಹೆಸರನ್ನೋ ಹೇಳುತ್ತಾರೆ. ಆದರೆ ಫ್ರೋಬೆಲ್ ಹುಟ್ಟುವುದಕ್ಕೆ ಹನ್ನೆರಡು ಹದಿಮೂರು ವರ್ಷ ಮುಂಚೆಯೇ, ಶಿಕ್ಷಣಶಾಸ್ತ್ರದ ಗಂಧವಿಲ್ಲದ ಒಬ್ಬ ಹಳ್ಳಿಯ ಹುಡುಗಿ ನೆರೆಹೊರೆಯ ಪುಟ್ಟ ಮಕ್ಕಳನ್ನು ತನ್ನ ಮನೆಯಲ್ಲಿ ಕೂಡಿಸಿಕೊಂಡು, ಕೈಗೆ ನೂಲು ಕೊಟ್ಟು, ಕಥೆ ಹೇಳಿ, ಹಾಡು ಹಾಡಿಸಿ, ಒಳ್ಳೆಯ ನಡತೆಯನ್ನು ಕಲಿಸತೊಡಗಿದ್ದಳು. ಆಕೆಯ ಹೆಸರು ಸಾರಾ ಬಾಂಜೆ. ಆಕೆಯನ್ನೂ ಆಕೆಯ ಜೊತೆಗಾತಿಯರನ್ನೂ ಕುರಿತ ವೃತ್ತಾಂತ ನಮ್ಮಲ್ಲಿ ಹೆಚ್ಚು ಪ್ರಚಾರದಲ್ಲಿಲ್ಲ. ಪರಭಾಷೆಯ ಊರಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಅದರಲ್ಲಿ ಯೋಚಿಸತಕ್ಕ ಸಂಗತಿಯೊಂದು ಇರುವುದರಿಂದ ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ಅದನ್ನು ಹೇಳಬಯಸುತ್ತೇನೆ.

ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ರೈನ್ ನದಿಯ ಪಕ್ಕದಲ್ಲಿ, ಆಲ್ಸೇಸ್ ಎಂಬ ಪ್ರಾಂತವಿದೆ. ಅದರ ಮುಖ್ಯಪಟ್ಟಣ ಸ್ಟ್ರಾಸ್‌ಬರ್ಗ್. ಪಟ್ಟಣದ ನೈರುತ್ಯಕ್ಕೆ ಹೋದರೆ ವೋಜ್ ಪರ್ವತಗಳ ನಡುವೆ ಒಂದು ಕಣಿವೆ ಸಿಕ್ಕುತ್ತದೆ. ಫ್ರೆಂಚರು ಅದನ್ನು ಬಾನ್ ದ ಲಾ ರೋಶ್ ಎನ್ನುತ್ತಾರೆ. ಜರ್ಮನರು ಇಟ್ಟ ಹೆಸರು ಷ್ಟೈನ್‌ಟಾಲ್, ಎಂದರೆ ಕಲ್ಲುಕಣಿವೆ. ಹೆಸರಿಗೆ ತಕ್ಕ ಸ್ಥಳವೇ. ೧೭ನೆಯ ಶತಮಾನದ ಮೂವತ್ತು ವರ್ಷಗಳ ಯುದ್ಧದಲ್ಲಿ ಹಾಳಾದ ಆ ಹಳ್ಳಿಗಳು ನೂರು ವರ್ಷ ಕಳೆದರೂ ಚೇತರಿಸಿಕೊಂಡಿರಲಿಲ್ಲ. ದೀರ್ಘವಾದ ಚಳಿಗಾಲ, ತೆಳುವಾದ ಮಣ್ಣು, ಹೊರಗಿನ ಲೋಕಕ್ಕೆ ಹೋಗಲು ಸರಿಯಾದ ರಸ್ತೆಯಿಲ್ಲ. ಸುತ್ತಲಿನವರೆಲ್ಲ ಬಹುಮಟ್ಟಿಗೆ ಕ್ಯಾಥೊಲಿಕರು, ಇವರು ಪ್ರಾಟೆಸ್ಟೆಂಟರು. ಆಡುತ್ತಿದ್ದ ಮಾತೂ ಬೇರೆ. ಅದು ಪಟ್ಟಣದ ಜರ್ಮನ್ನೂ ಅಲ್ಲ, ಪ್ಯಾರಿಸ್ಸಿನ ಫ್ರೆಂಚೂ ಅಲ್ಲ. ಲೊರೇನ್ ಕಡೆಯ ಒಂದು ಹಳ್ಳಿಮಾತು. ಈ ಮಾತಿನ ವಿಷಯವನ್ನು ವಾಚಕರು ನೆನಪಿಟ್ಟಿರಬೇಕು, ಮುಂದೆ ಬರುತ್ತದೆ.

ಆ ಕಾಲದ ಶಾಲೆಯ ಸ್ಥಿತಿ ಹೇಗಿತ್ತೆಂಬುದಕ್ಕೆ ಅಲ್ಲಿ ಒಂದು ಕಥೆಯುಂಟು. ಷ್ಟೂಬರ್ ಎಂಬ ಪಾದ್ರಿಗಳು ಮೊದಲ ಸಲ ಅಲ್ಲಿಗೆ ಬಂದು ಶಾಲೆಯನ್ನು ತೋರಿಸಿರೆಂದಾಗ ಜನ ಒಂದು ಗುಡಿಸಲಿಗೆ ಕರೆದೊಯ್ದರಂತೆ. ಮಕ್ಕಳು ಗದ್ದಲವೆಬ್ಬಿಸುತ್ತಿದ್ದರು, ಮೂಲೆಯ ಹಾಸಿಗೆಯಲ್ಲಿ ಒಬ್ಬ ಮುದುಕ ಮಲಗಿದ್ದ. ಅವನೇ ಉಪಾಧ್ಯಾಯ. ಏನು ಕಲಿಸುತ್ತೀ ಎಂದರೆ ಏನೂ ಇಲ್ಲವೆಂದ. ಏಕೆಂದರೆ ತನಗೇ ಏನೂ ಬಾರದೆಂದ. ಹಾಗಾದರೆ ನಿನ್ನನ್ನು ನೇಮಿಸಿದ್ದೇಕೆ ಎಂದಾಗ, ಬಹುಕಾಲ ಊರಿನ ಹಂದಿಗಳನ್ನು ಕಾಯುತ್ತಿದ್ದೆ, ಮುಪ್ಪಿನಿಂದ ಆ ಕೆಲಸ ಕೈಲಾಗದಾಯಿತು, ಅದಕ್ಕೇ ಮಕ್ಕಳನ್ನು ಕಾಯಲು ಇಟ್ಟಿದ್ದಾರೆ ಎಂದು ಉತ್ತರ ಕೊಟ್ಟನಂತೆ. ನಗು ಬರುವ ಕಥೆ, ಆದರೆ ಮಕ್ಕಳ ಪಾಲನೆ ಹಂದಿ ಕಾಯುವುದಕ್ಕಿಂತ ಹಗುರವೆಂದು ತಿಳಿದವರು ಆ ಹಳ್ಳಿಯವರೊಬ್ಬರೇ ಅಲ್ಲ.

ಷ್ಟೂಬರರು ಶಾಲೆಗಳನ್ನು ತಿದ್ದಿದರು, ಪುಸ್ತಕಗಳನ್ನು ತಂದಿಟ್ಟರು. ಅವರ ತರುವಾಯ ೧೭೬೭ರಲ್ಲಿ ಬಂದವರು ಜಾನ್ ಫ್ರೆಡರಿಕ್ ಓಬರ್ಲಿನ್. ೧೭೪೦ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿದ ಇವರು ಇಪ್ಪತ್ತಾರು ವರ್ಷದ ತರುಣರಾಗಿ ವಾಲ್ಡರ್ಸ್‌ಬಾಕ್ ಹಳ್ಳಿಗೆ ಬಂದು ೧೮೨೬ರಲ್ಲಿ ಸಾಯುವವರೆಗೂ, ಎಂದರೆ ಐವತ್ತೊಂಬತ್ತು ವರ್ಷ, ಅಲ್ಲಿಯೇ ಇದ್ದರು. ಜನ ರಸ್ತೆ ಕಡಿಯಲು ಒಪ್ಪದಿದ್ದಾಗ ತಾವೇ ಗುದ್ದಲಿ ಹಿಡಿದು ಹೊರಟರು. ಬ್ರೂಶ್ ನದಿಗೆ ಸೇತುವೆಯಾಯಿತು. ಒಳ್ಳೆಯ ಆಲೂಗಡ್ಡೆಯ ಬೀಜ, ಅಗಸೆ, ಹಣ್ಣಿನ ಗಿಡಗಳು ಬಂದವು. ಬ್ಯಾಂಕಿನ ಗುಮಾಸ್ತನಾದ ನನಗೆ ಅವರು ಏರ್ಪಡಿಸಿದ ಸಾಲದ ನಿಧಿಯ ಮೇಲೆ ವಿಶೇಷ ಪ್ರೀತಿ. ಬಡ್ಡಿಯಿಲ್ಲದೆ ಸಾಲ ಕೊಡುತ್ತಿದ್ದರು, ಆದರೆ ಗೊತ್ತಾದ ದಿನಕ್ಕೆ ಕಂತು ಕಟ್ಟದವನಿಗೆ ಕೆಲಕಾಲ ಮತ್ತೆ ಸಾಲವಿಲ್ಲ! ದಯೆ ಮತ್ತು ಲೆಕ್ಕ ಒಂದೇ ಪುಸ್ತಕದಲ್ಲಿ ಇರಬಲ್ಲವೆಂದು ಆ ಪಾದ್ರಿಗಳಿಗೆ ತಿಳಿದಿತ್ತು.

ಆದರೂ ಅವರ ಹೆಸರು ಉಳಿದದ್ದು ರಸ್ತೆಯಿಂದಲ್ಲ, ಸಾಲದ ನಿಧಿಯಿಂದಲೂ ಅಲ್ಲ. ಬೆಲ್ಮಾಂಟ್ ಎಂಬ ಹಳ್ಳಿಯಲ್ಲಿ ಸಾರಾ ಬಾಂಜೆ ತನ್ನ ಮನೆಯಲ್ಲಿ ಮಕ್ಕಳನ್ನು ಸೇರಿಸಿಕೊಂಡು ಹೆಣಿಗೆ ಕಲಿಸುತ್ತಿದ್ದಾಳೆಂಬ ಸುದ್ದಿ ಅವರ ಕಿವಿಗೆ ಬಿದ್ದಿತು. ಕಾಸು ಹುಟ್ಟದ ಈ ಕೆಲಸ ಆಕೆಯ ತಂದೆಗೆ ಸರಿಬೀಳಲಿಲ್ಲ. ಹೊಲದಲ್ಲಿ ದುಡಿಯಬೇಕಾದ ಪ್ರಾಯದ ಮಗಳು ಊರವರ ಮಕ್ಕಳ ಮೂಗು ಒರೆಸುತ್ತ ಕುಳಿತರೆ ಯಾವ ತಂದೆ ಸುಮ್ಮನಿದ್ದಾನು? ಓಬರ್ಲಿನ್ನರು ಅವನನ್ನು ಒಪ್ಪಿಸಿ, ಸಂಬಳ ಗೊತ್ತುಮಾಡಿ, ೧೭೬೯ರಲ್ಲಿ ಸಾರಾಳನ್ನು ಈ ಕೆಲಸಕ್ಕೇ ನೇಮಿಸಿದರು. ಮಾಡಿದವಳು ಹಳ್ಳಿಯ ಹುಡುಗಿ. ಅದರ ಬೆಲೆಯನ್ನು ಕಂಡುಕೊಂಡವರು ಪಾದ್ರಿಗಳು. ಈ ಕ್ರಮವನ್ನು ತಲೆಕೆಳಗು ಮಾಡಿ ಬರೆದ ಪುಸ್ತಕಗಳೇ ಬಹಳ. ಪಾದ್ರಿಗಳ ಪತ್ನಿ ಮದಲೇನ್ ಸಲೋಮೆಯವರೂ ಇದಕ್ಕೆ ಹೆಗಲು ಕೊಟ್ಟರು. ಕ್ರಮೇಣ ಉಳಿದ ಹಳ್ಳಿಗಳಲ್ಲಿಯೂ ಇಂತಹ ಕೋಣೆಗಳು ತೆರೆದವು. ಒಲೆಯಿಂದ ಬೆಚ್ಚಗಿಟ್ಟ ಕೋಣೆಯಾದ್ದರಿಂದ ಅವಕ್ಕೆ ಹೆಣಿಗೆಯ ಒಲೆಕೋಣೆ ಎಂಬ ಅರ್ಥದ ಹೆಸರು ಬಂದಿತು. ನಡೆಸುತ್ತಿದ್ದ ಹೆಂಗಸರನ್ನು ಉಪಾಧ್ಯಾಯಿನಿಯರೆನ್ನಲಿಲ್ಲ. ಎಳೆಯರನ್ನು ಕೈಹಿಡಿದು ನಡೆಸುವವರು ಎಂದು ಕರೆದರು.

ಆ ಕೋಣೆಯೊಳಗೆ ಒಮ್ಮೆ ಇಣುಕಿ ನೋಡೋಣ. ಇಬ್ಬರು ಹೆಂಗಸರು, ಒಬ್ಬಳದು ಕೈಕೆಲಸದ ಹೊಣೆ, ಇನ್ನೊಬ್ಬಳದು ಪಾಠ ವಿನೋದಗಳ ಹೊಣೆ. ಎರಡು ಮೂರು ವರ್ಷದ ಕೂಸುಗಳು ತಮ್ಮ ಪಾಡಿಗೆ ಆಡಿಕೊಂಡಿರುತ್ತವೆ. ಐದಾರು ವರ್ಷದವರ ಕೈಯಲ್ಲಿ ಹೆಣಿಗೆಯ ಕಡ್ಡಿಗಳಿವೆ. ಕೈ ಬೇಸತ್ತಿತೋ, ನೂಲು ಪಕ್ಕಕ್ಕೆ ಹೋಗುತ್ತದೆ, ಬಣ್ಣದ ಚಿತ್ರಗಳು ಹೊರಬರುತ್ತವೆ. ಒಂದು ಚಿತ್ರ ಬೈಬಲ್ಲಿನ ಕಥೆಯದು, ಇನ್ನೊಂದು ಪ್ರಾಣಿಯದೋ ಗಿಡದ್ದೋ. ಮರದಲ್ಲಿ ಕೊರೆದ ಅಚ್ಚಿನ ಭೂಪಟವೂ ಇತ್ತು. ಅದು ದೂರದೇಶದ್ದಲ್ಲ, ತಮ್ಮದೇ ಕಣಿವೆಯದು. ಬಳಿಕ ಹಾಡು. ಹವೆ ಚೆನ್ನಾಗಿದ್ದರೆ ಎಲ್ಲರೂ ಹೊರಗೆ ಹೋಗಿ ಗಿಡಮೂಲಿಕೆ ಹುಡುಕುವುದು, ಯಾವುದು ತಿನ್ನತಕ್ಕದ್ದು, ಯಾವುದು ವಿಷ ಎಂದು ಗುರುತಿಸುವುದು. ಎಳೆಯ ಮಕ್ಕಳಿಂದ ಹೆಣಿಗೆ ಮಾಡಿಸುವುದೇ ಎಂದು ಇಂದಿನ ಓದುಗರು ಹುಬ್ಬೇರಿಸಬಹುದು. ಹತ್ತಿಯ ಗಿರಣಿಗಳಲ್ಲಿ ಮಕ್ಕಳನ್ನು ಹಿಂಡಿದ ದುಡಿಮೆಗೂ ಇದಕ್ಕೂ ಹೋಲಿಕೆ ಸಲ್ಲದು; ಇಲ್ಲಿ ಕೈ ಬೇಸತ್ತರೆ ಕಥೆ ಕಾದಿತ್ತು.

ಕ್ರೈಸ್ತಧರ್ಮದ ಸದ್ಗುಣಗಳನ್ನು ಬಿತ್ತುವುದೇ ಇದೆಲ್ಲದರ ಗುರಿಯೆಂಬುದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಸುಳ್ಳು, ಕೆಟ್ಟ ಮಾತು, ಸೋಮಾರಿತನ, ಕೊಳಕು, ಹಿರಿಯರ ಮಾತು ಮೀರುವುದು, ಇವು ದೇವರಿಗೆ ಸಲ್ಲವೆಂದು ಹೇಳುತ್ತಿದ್ದರು. ಆದರೆ ಹೇಳಿದ್ದಕ್ಕಿಂತ ಮಾಡಿಸಿದ್ದೇ ಹೆಚ್ಚು. ಆದಿತ್ಯವಾರದ ಪ್ರಸಂಗವನ್ನು ಮೂರು ವರ್ಷದ ಮಗು ಏನು ತಿಳಿದೀತು? ತಾಳ್ಮೆ ಎಂಬ ಶಬ್ದ ಅದಕ್ಕೆ ಗೊತ್ತಿಲ್ಲ. ಬಿಟ್ಟುಹೋದ ಹೊಲಿಗೆಯನ್ನು ಮತ್ತೆ ಕಡ್ಡಿಗೆ ಏರಿಸುವುದು ಗೊತ್ತು. ಒಂದೇ ಒಲೆಯ ಕಾವನ್ನು ಇಪ್ಪತ್ತು ಮಂದಿ ಹಂಚಿಕೊಂಡು ಕೂಡುವುದು ಗೊತ್ತು. ಜೀವಜಂತುವನ್ನು ಹಿಂಸಿಸಬಾರದೆಂಬುದು ಚಿತ್ರದಲ್ಲಿ ಹೆಸರು ಕಲಿತ ಹಕ್ಕಿಯನ್ನು ಹೊಲದಲ್ಲಿ ಕಂಡಾಗ ತಾನಾಗಿ ಮನಸ್ಸಿಗೆ ಇಳಿಯುತ್ತದೆ. ಇದೇ ಮಕ್ಕಳು ದೊಡ್ಡವರಾಗಿ ಚರ್ಚಿನಲ್ಲಿ ದೀಕ್ಷೆ ಪಡೆಯುವ ಮೊದಲು ಎರಡು ಸಸಿಗಳನ್ನು ನೆಟ್ಟಿರಬೇಕೆಂದು ಓಬರ್ಲಿನ್ನರು ಕಟ್ಟುಮಾಡಿದ್ದರು.

ಸಾರಾ ಬಹುಕಾಲ ಬದುಕಲಿಲ್ಲ. ೧೭೭೪ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ತೀರಿಕೊಂಡಳು. ಆ ಮೇಲೆ ಈ ಕೆಲಸವನ್ನು ಹೊತ್ತವಳು ಬೆಲ್‌ಫೋಸ್ ಹಳ್ಳಿಯ ಲೂಯಿಸ್ ಷೆಪ್ಲರ್. ಹದಿನೈದು ವರ್ಷದವಳಿದ್ದಾಗ ಪಾದ್ರಿಗಳ ಮನೆಗೆ ಕೆಲಸಕ್ಕೆ ಬಂದಳು. ೧೭೮೩ರಲ್ಲಿ ಪಾದ್ರಿಗಳ ಪತ್ನಿ ತೀರಿಹೋದಾಗ ಮನೆಯಲ್ಲಿ ಏಳು ಮಕ್ಕಳು. ಲೂಯಿಸ್ ಅವರನ್ನು ಸಾಕುವ ಹೊಣೆ ಹೊತ್ತಳು. ತನ್ನನ್ನು ಮಗಳಂತೆ ಕಾಣಬೇಕು, ಇನ್ನು ಮುಂದೆ ಸಂಬಳ ಕೊಡಕೂಡದು ಎಂದು ಪಾದ್ರಿಗಳಿಗೆ ಪತ್ರ ಬರೆದು ಕೇಳಿಕೊಂಡಳು. ಒಂದೇ ಮನೆಯೊಳಗೆ ಇದ್ದು ಪತ್ರ ಬರೆಯಬೇಕಾಯಿತೆಂದರೆ ಬಾಯಿಬಿಟ್ಟು ಹೇಳಲು ಎಷ್ಟು ಸಂಕೋಚವಾಗಿರಬೇಕು! ಅವರು ಬೇರೆಯವರ ಮೂಲಕ ಗುಟ್ಟಾಗಿ ಹಣ ಕಳುಹಿಸಿದರೂ ಸ್ವೀಕರಿಸಲಿಲ್ಲವಂತೆ. ಮನೆಯ ಕೆಲಸ ಮುಗಿಸಿ ಹಿಮದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಮಕ್ಕಳ ಕೋಣೆಗಳನ್ನು ನೋಡಿಕೊಂಡಳು. ಓಬರ್ಲಿನ್ನರು ಸತ್ತ ಮೇಲೆ ಅವರ ಮಕ್ಕಳು ಆಸ್ತಿಯಲ್ಲಿ ಸಮಪಾಲು ಕೊಡಹೋದರೆ ಅದನ್ನೂ ಒಲ್ಲದೆ, ಓಬರ್ಲಿನ್ ಎಂಬ ಹೆಸರನ್ನು ತನ್ನ ಹೆಸರಿನ ಜೊತೆಗೆ ಇಟ್ಟುಕೊಳ್ಳಲು ಅಪ್ಪಣೆ ಬೇಡಿದಳು. ೧೮೨೯ರಲ್ಲಿ ಫ್ರೆಂಚ್ ಅಕಾಡೆಮಿ ಆಕೆಗೆ ಸದ್ಗುಣಕ್ಕಾಗಿ ಕೊಡುವ ಮೊಂತಿಯೋಂ ಬಹುಮಾನವನ್ನು, ೫೦೦೦ ಫ್ರಾಂಕುಗಳನ್ನು, ಕೊಟ್ಟಿತು. ಸಭೆಯಲ್ಲಿ ಆಕೆಯನ್ನು ಹೊಗಳಿ ಮಾತನಾಡಿದವರು ಪ್ರಾಣಿಶಾಸ್ತ್ರದ ಮಹಾವಿದ್ವಾಂಸ ಕ್ಯೂವಿಯೇ. ಹಣ ಬಂದ ಹಾಗೆಯೇ ಮಕ್ಕಳ ಶಾಲೆಗಳಿಗೆ ಹೋಯಿತು. ಶಿಶುಶಾಲೆಯನ್ನು ಕಲ್ಪಿಸಿದವಳು ಲೂಯಿಸಳೇ ಎಂದು ಕ್ಯೂವಿಯೇ ಅಂದು ಹೇಳಿಬಿಟ್ಟದ್ದರಿಂದ ಪಾಪ, ಸಾರಾಳ ಹೆಸರು ಮರೆಯಾಯಿತು.

ಲೂಯಿಸ್ ತೀರಿಕೊಂಡದ್ದು ೧೮೩೭ರಲ್ಲಿ. ಅದೇ ವರ್ಷ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಫ್ರೋಬೆಲ್ ತಮ್ಮ ಸಂಸ್ಥೆಯನ್ನು ತೆರೆದರು. ೧೮೪೦ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಇವರೂ ಪಾದ್ರಿಯ ಮಗನೇ. ಉಣ್ಣೆಯ ಚೆಂಡಿನಲ್ಲಿ, ಮರದ ಘನಾಕೃತಿಯಲ್ಲಿ ದೇವರು ನಿರ್ಮಿಸಿದ ಲೋಕದ ಐಕ್ಯವನ್ನು ಮಗು ಅರಿಯಬಲ್ಲದೆಂದು ನಂಬಿದವರು. ಇಂತಹವರ ಶಾಲೆಗಳನ್ನು ಪ್ರಷ್ಯದ ಸರಕಾರ ನಾಸ್ತಿಕತೆಯನ್ನು ಹರಡುತ್ತವೆಯೆಂದು ೧೮೫೧ರಲ್ಲಿ ನಿಷೇಧಿಸಿತು! ಮರುವರ್ಷ ಅವರು ಕಾಲವಾದರು. ನಿಷೇಧ ತೆರವಾದದ್ದು ೧೮೬೦ರಲ್ಲಿ. ಫ್ರಾನ್ಸಿನಲ್ಲಿ ಈ ಬಗೆಯ ಶಾಲೆಗಳಿಗೆ ೧೮೮೧ರಲ್ಲಿ ಸರಕಾರ ಇಟ್ಟ ಹೆಸರು ಎಕೋಲ್ ಮಾತೆರ್ನೆಲ್. ಕನ್ನಡದಲ್ಲಿ ತಾಯಿಶಾಲೆ ಎನ್ನಬಹುದು.

ತಾಯಿಶಾಲೆ ಎಂದೊಡನೆ ತಾಯಿನುಡಿಯ ಪ್ರಶ್ನೆ ಬರುತ್ತದೆ. ಒಲೆಕೋಣೆಯಲ್ಲಿ ಚಿತ್ರ ತೋರಿಸುವಾಗ ವಸ್ತುವಿನ ಹೆಸರನ್ನು ಮೊದಲು ಹಳ್ಳಿಮಾತಿನಲ್ಲಿ ಹೇಳುತ್ತಿದ್ದರು, ಆ ಮೇಲೆ ಫ್ರೆಂಚಿನಲ್ಲಿ. ಕಡೆಗೆ ಫ್ರೆಂಚ್ ಮಾತ್ರ ಉಳಿಯಬೇಕು. ಹಳ್ಳಿಮಾತೊಂದನ್ನೇ ನಂಬಿ ಕಣಿವೆಯ ಹೊರಗೆ ವ್ಯಾಪಾರವಿಲ್ಲ, ಪುಸ್ತಕವಿಲ್ಲ, ಕೋರ್ಟು ಕಚೇರಿಯಿಲ್ಲ ಎಂಬ ಅವರ ವಾದ ಸುಳ್ಳಲ್ಲ. ಆದರೆ ಸದ್ಗುಣದ ಹೆಸರುಗಳೆಲ್ಲ ಫ್ರೆಂಚಿನಲ್ಲಿ ಬಂದು, ಮನೆಯ ಅಜ್ಜಿಯ ಮಾತು ಬಿಡತಕ್ಕ ಅಭ್ಯಾಸಗಳ ಸಾಲಿಗೆ ಸೇರಿದರೆ ಮಗು ಏನೆಂದು ತಿಳಿದೀತು? ಫ್ರಾನ್ಸಿನ ಕ್ರಾಂತಿಸರಕಾರಕ್ಕೆ ಮಾತ್ರ ಇದು ಬಹಳ ಹಿಡಿಸಿತು. ಹಳ್ಳಿಮಾತುಗಳನ್ನು ನಿರ್ಮೂಲ ಮಾಡಬೇಕೆಂದು ಗ್ರೆಗ್ವಾರ್ ವರದಿ ಒಪ್ಪಿಸಿದ ೧೭೯೪ರಲ್ಲಿಯೇ ಫ್ರೆಂಚ್ ಭಾಷೆಯನ್ನು ಹರಡಿದ್ದಕ್ಕಾಗಿ ಓಬರ್ಲಿನ್ನರಿಗೆ ಮನ್ನಣೆ ದೊರೆಯಿತು. ಅವರ ಇತರ ಕೆಲಸಗಳನ್ನೆಲ್ಲ ಮೆಚ್ಚುವ ನಾನು ಈ ಒಂದು ಮನ್ನಣೆಯನ್ನು ಓದುವಾಗ ಸಂತೋಷಪಡಲಾರೆ. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಬಸ್ಸಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಮಕ್ಕಳನ್ನು ದಿನವೂ ನೋಡುವ ನಮ್ಮವರೂ ಸಂತೋಷಪಡಲಾರರು. ಬೇರೆ ಭಾಷೆ ಬೇಡವೆಂದು ಯಾರೂ ಹೇಳುವುದಿಲ್ಲ. ಸುಳ್ಳಾಡಬಾರದೆಂಬ ಮಾತನ್ನು ಮಗು ಮೊದಲು ಯಾವ ಭಾಷೆಯಲ್ಲಿ ಕೇಳಬೇಕೆಂಬುದು ಮಾತ್ರ ಪ್ರಶ್ನೆ.

ಇದಕ್ಕೆ ಬೇರೆ ದಾರಿಯಿತ್ತೆಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಬಾಸೆಲ್ ನಗರ ಆಲ್ಸೇಸಿನ ದಕ್ಷಿಣದ ಗಡಿಗೆ ತಾಗಿಕೊಂಡೇ ಇದೆ. ಅಲ್ಲಿ ೧೮೧೫ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯ ಪಾದ್ರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಮತಪ್ರಚಾರದ ಉದ್ದೇಶ ಇವರದೂ ಸ್ಪಷ್ಟವೇ. ಆದರೆ ಜನರ ಮಾತನ್ನು ಬಿಡಿಸುವ ಬದಲು ತಾವೇ ಅದನ್ನು ಕಲಿಯಲು ಕುಳಿತರು. ಮೋಗ್ಲಿಂಗರು ೧೮೪೩ರಲ್ಲಿ ಮಂಗಳೂರು ಸಮಾಚಾರವನ್ನು ಹೊರಡಿಸಿದರು. ಕಿಟ್ಟೆಲ್ಲರು ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯಗಳಲ್ಲಿ ಹೇಳಿ ಕಥಾಮಾಲೆ ಎಂದು ಹೆಸರಿಟ್ಟರು. ೧೮೯೪ರಲ್ಲಿ ಬಂದ ಅವರ ನಿಘಂಟಿನ ಸಂಗತಿ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕ್ರೈಸ್ತರ ಕಥೆ ಕನ್ನಡದಲ್ಲಿ ಬಂದದ್ದರಿಂದ ಕಥೆಗೂ ಕುಂದು ಬರಲಿಲ್ಲ, ಕನ್ನಡಕ್ಕೂ ಬರಲಿಲ್ಲ.

ಓಬರ್ಲಿನ್ನರ ಮನೆತನದಲ್ಲಿಯೇ ಇದನ್ನು ಅರಿತವರು ಇನ್ನೊಬ್ಬರಿದ್ದರು. ಅವರ ಅಣ್ಣ ಜೆರೆಮಿ ಜಾಕೋಬ್ ಓಬರ್ಲಿನ್ ಸ್ಟ್ರಾಸ್‌ಬರ್ಗಿನಲ್ಲಿ ಪ್ರಾಧ್ಯಾಪಕರು, ಹಳೆಯ ಭಾಷೆಗಳಲ್ಲಿ ಪಂಡಿತರು. ತಮ್ಮ ಒಲೆಕೋಣೆಗಳಿಂದ ಹಳ್ಳಿಮಾತನ್ನು ಹೊರಗೆ ಕಳಿಸುತ್ತಿದ್ದ ದಿನಗಳಲ್ಲಿಯೇ ಅಣ್ಣ ಅದನ್ನು ಕಾಗದದ ಮೇಲೆ ಇಳಿಸಿಕೊಂಡು, ಬಾನ್ ದ ಲಾ ರೋಶಿನ ಆಸುಪಾಸಿನ ಆಡುನುಡಿಯನ್ನು ಕುರಿತು ೧೭೭೫ರಲ್ಲಿ ಒಂದು ಪುಸ್ತಕವನ್ನು ಅಚ್ಚುಮಾಡಿಸಿದರು. ಸಾರಾ ಬಾಂಜೆ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಬೆಲ್ಮಾಂಟಿನ ಮಕ್ಕಳನ್ನು ಆಕೆ ಹತ್ತಿರಕ್ಕೆ ಕರೆದು ಕೂರಿಸಿಕೊಂಡ ಮಾತು ಆ ಪುಸ್ತಕದಲ್ಲಿದೆ.