ಫ್ರಮ್ ದ ಕ್ರೇಡಲ್

ಇಂಗ್ಲೆಂಡಿನ ಗಾಯಕ, ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ (ಜನನ 1945) 1994ರ ಸೆಪ್ಟೆಂಬರಿನಲ್ಲಿ ಹೊರತಂದ ಬ್ಲೂಸ್ ಆಲ್ಬಮ್. ಇದರ 16 ಹಾಡುಗಳಲ್ಲಿ ಒಂದೂ ಹೊಸದಲ್ಲ. ಎಲ್ಲವೂ ಅಮೆರಿಕದ ಕಪ್ಪು ಕಲಾವಿದರು ಹಿಂದೆಯೇ ಹಾಡಿ ಪ್ರಸಿದ್ಧಗೊಳಿಸಿದವು. ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡ ಇದನ್ನು ಕ್ಲಾಪ್ಟನ್ ಮತ್ತು ರಸ್ ಟೈಟಲ್‌ಮನ್ ನಿರ್ಮಿಸಿದರು. ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಈ ಆಲ್ಬಮ್‌ಗೆ 1995ರಲ್ಲಿ ಸಾಂಪ್ರದಾಯಿಕ ಬ್ಲೂಸ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂತು. ಕಲಾವಿದನೊಬ್ಬ ತನ್ನ ಮೂಲಕ್ಕೆ ಮರಳಿದ ಕೃತಿ ಎಂದು ಇದನ್ನು ಬಣ್ಣಿಸುವುದುಂಟು. ಆ ಮಾತು ಸುಳ್ಳಲ್ಲ, ಸಾಲದು. ಬ್ಲೂಸ್ ಎಂದರೆ ಒಂದೇ ಬಗೆಯ ಗೋಳಿನ ಹಾಡು ಎಂಬ ತಿಳಿವಳಿಕೆಯನ್ನು ಕಿವಿಗೆ ಕೇಳಿಸುವ ಪುರಾವೆಯಿಂದಲೇ ಅಲ್ಲಗಳೆಯುವುದು ಇದರ ನಿಜವಾದ ಸಾಧನೆ.

ಕ್ಲಾಪ್ಟನ್ 1963ರಲ್ಲಿ ಯಾರ್ಡ್‌ಬರ್ಡ್ಸ್ ತಂಡ ಸೇರಿ, ಅದು ಪಾಪ್ ಹಾಡುಗಳತ್ತ ವಾಲಿದಾಗ 1965ರಲ್ಲಿ ಹೊರಬಂದರು. ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ತಂಡದೊಂದಿಗೆ 1966ರಲ್ಲಿ ಬಂದ ಆಲ್ಬಮ್ ಅವರಿಗೆ ಗಿಟಾರ್ ವಾದಕನೆಂಬ ಹೆಸರು ತಂದಿತು. ಮುಂದೆ ಕ್ರೀಮ್ ತಂಡದಲ್ಲೂ ಸ್ವಂತ ಆಲ್ಬಮ್‌ಗಳಲ್ಲೂ ಬ್ಲೂಸ್ ಇತ್ತಾದರೂ ರಾಕ್ ಮತ್ತು ಪಾಪ್ ಜೊತೆ ಬೆರೆತೇ ಇತ್ತು. 1992ರ ‘ಅನ್‌ಪ್ಲಗ್ಡ್’ ಆಲ್ಬಮ್ ಗಳಿಸಿದ ಭಾರೀ ಯಶಸ್ಸಿನ ಬೆನ್ನಿಗೆ, ಪೂರ್ತಿ ಬ್ಲೂಸ್‌ಗೇ ಮೀಸಲಾದ ಸ್ಟುಡಿಯೋ ಆಲ್ಬಮ್ ಆಗಿ ಬಂದದ್ದು ಇದು. ವಾದಕರೆಲ್ಲ ಒಂದೇ ಕೋಣೆಯಲ್ಲಿ ಕೂತು, ಒಮ್ಮೆಗೇ ಹಾಡಿ ನುಡಿಸಿ ಧ್ವನಿಮುದ್ರಿಸಿದರು. ಆಮೇಲೆ ಸೇರಿಸಿದ್ದು ಎರಡೇ: ಒಂದು ಹಾಡಿಗೆ ಡೋಬ್ರೊ ಗಿಟಾರ್, ಇನ್ನೊಂದಕ್ಕೆ ಡ್ರಮ್ಸ್. 1970ರ ದಶಕದಲ್ಲಿ ಷಿಕಾಗೊದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ತಂಡದಲ್ಲಿದ್ದ ಜೆರ್ರಿ ಪೋರ್ಟ್‌ನಾಯ್ ಮೌತ್ ಆರ್ಗನ್, ಕ್ರಿಸ್ ಸ್ಟೇನ್‌ಟನ್ ಪಿಯಾನೊ, ಜಿಮ್ ಕೆಲ್ಟ್‌ನರ್ ಡ್ರಮ್ಸ್, ಡೇವ್ ಬ್ರಾಂಜ್ ಬೇಸ್, ಆ್ಯಂಡಿ ಫೇರ್‌ವೆದರ್ ಲೋ ಗಿಟಾರ್ ನುಡಿಸಿದರು.

ಈ ವಿಧಾನವೇ ಆಲ್ಬಮ್‌ನ ವಾದಕ್ಕೆ ಆಧಾರ. ಗಾಯಕ, ತಂಡ, ಕೋಣೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಆಗಿರುವಾಗ ಹಾಡಿನಿಂದ ಹಾಡಿಗೆ ಕೇಳುವ ವ್ಯತ್ಯಾಸಕ್ಕೆ ಶೈಲಿಯೇ ಕಾರಣವಾಗಬೇಕು. ಅಟ್ಲಾಂಟಾದ ಬಾರ್ಬೆಕ್ಯೂ ಬಾಬ್ 1927ರಲ್ಲಿ ಹಾಡಿದ್ದ ‘ಮದರ್‌ಲೆಸ್ ಚೈಲ್ಡ್’ ಹಗುರ ಲಯದ ಹಳ್ಳಿಗಾಡಿನ ಹಾಡು. ಲಾಸ್ ಏಂಜಲೀಸಿನಲ್ಲಿ ಚಾರ್ಲ್ಸ್ ಬ್ರೌನ್ 1945ರಲ್ಲಿ ಹಾಡಿದ ‘ಡ್ರಿಫ್ಟಿನ್’ ನಗರದ ನಯ ತಿಳಿದದ್ದು. ಷಿಕಾಗೊದ ‘ಹೂಚಿ ಕೂಚಿ ಮ್ಯಾನ್’ (ಮಡ್ಡಿ ವಾಟರ್ಸ್, 1954) ಇವೆರಡಕ್ಕೂ ದೂರ: ಇಡೀ ತಂಡ ಒಂದು ಚಿಕ್ಕ ಸ್ವರಗುಚ್ಛವನ್ನು ಬಡಿದು ಥಟ್ಟನೆ ನಿಲ್ಲುತ್ತದೆ, ಆ ಖಾಲಿ ಜಾಗದಲ್ಲಿ ಗಾಯಕ ಒಬ್ಬನೇ ಜಂಬ ಕೊಚ್ಚುತ್ತಾನೆ, ಮತ್ತೆ ತಂಡ ಬಡಿಯುತ್ತದೆ. ಆವರ್ತವೂ ಏಕರೂಪವಲ್ಲ. ಬ್ಲೂಸ್‌ನ ಗುರುತೆನಿಸಿದ 12 ಬಾರ್‌ಗಳ (ತಾಳದ ಘಟಕಗಳ) ಆವರ್ತ ‘ಫೈವ್ ಲಾಂಗ್ ಇಯರ್ಸ್’ ಹಾಡಿನಲ್ಲಿದ್ದರೆ, ‘ಹೌ ಲಾಂಗ್ ಬ್ಲೂಸ್’ 8 ಬಾರ್‌ಗಳಲ್ಲಿ, ‘ಹೂಚಿ ಕೂಚಿ ಮ್ಯಾನ್’ 16 ಬಾರ್‌ಗಳಲ್ಲಿ ಸುತ್ತುತ್ತದೆ. ಒಂದೇ ಹಾಡು ಶೈಲಿ ಬದಲಿಸಿಕೊಂಡು ಸಾಗಿಬಂದದ್ದೂ ಇಲ್ಲಿ ಕಾಣುತ್ತದೆ. ‘ಬ್ಲೂಸ್ ಬಿಫೋರ್ ಸನ್‌ರೈಸ್’ ಇಂಡಿಯಾನಾಪೊಲಿಸ್‌ನ ಪಿಯಾನೊ ವಾದಕ ಲೆರಾಯ್ ಕಾರ್ ಅವರದು, ಮೂಲದಲ್ಲಿ ಸೌಮ್ಯ. ಕ್ಲಾಪ್ಟನ್ ಅದನ್ನು ಎಲ್ಮೋರ್ ಜೇಮ್ಸ್ ಅವರ ಅಬ್ಬರದ ಸ್ಲೈಡ್ ಗಿಟಾರ್ ದಾರಿಯಲ್ಲಿ ಎತ್ತಿಕೊಳ್ಳುತ್ತಾರೆ.

ಮೂಲ ಮುದ್ರಿಕೆಗಳು ಸಿಗುವಾಗ ಈ ಅನುಕರಣೆ ಏಕೆ ಎಂಬುದು ಮುಖ್ಯ ಆಕ್ಷೇಪ. ಗಾಯನದ ಮಟ್ಟಿಗೆ ಇದರಲ್ಲಿ ಹುರುಳಿದೆ. ಮಡ್ಡಿ ವಾಟರ್ಸ್ ಹಾಡುಗಳಲ್ಲಿ ಕ್ಲಾಪ್ಟನ್ ಗಂಟಲು ಬಿಗಿದು ಗುಡುಗುವಾಗ ಆ ಗುಡುಗು ಎರವಲು ತಂದದ್ದೆಂದು ಗೊತ್ತಾಗಿಬಿಡುತ್ತದೆ. ಆದರೆ ಗಿಟಾರಿನ ಮಾತು ಬೇರೆ. ಫ್ರೆಡ್ಡಿ ಕಿಂಗ್ ಅವರ ‘ಸಮ್‌ಡೇ ಆಫ್ಟರ್ ಎ ವೈಲ್’, ಓಟಿಸ್ ರಷ್ ಅವರ ‘ಗ್ರೋನಿಂಗ್ ದ ಬ್ಲೂಸ್’ ಹಾಡುಗಳಲ್ಲಿ ತಂತಿ ಎಳೆದು ಸ್ವರವನ್ನು ಮೇಲಕ್ಕೇರಿಸುವ ರೀತಿ ಗುರುಗಳಿಂದ ಬಂದದ್ದಾದರೂ, ಸ್ವರವಾಕ್ಯ ಕಟ್ಟುವ ಕ್ರಮ ಮೂವತ್ತು ವರ್ಷಗಳ ವಾದನದಲ್ಲಿ ಕ್ಲಾಪ್ಟನ್ ಸ್ವಂತ ಮಾಡಿಕೊಂಡದ್ದು. ಇನ್ನು, ಮೂಲಗಳು ಬೇರೆ ಬೇರೆ ಊರು, ಕಾಲ, ಯಂತ್ರಗಳಲ್ಲಿ ಮುದ್ರಿತವಾದವು. ಅವನ್ನು ಹೋಲಿಸುವಾಗ ಶೈಲಿಯ ಭೇದ ಯಾವುದು, ಮುದ್ರಣದ ಭೇದ ಯಾವುದು ಎಂದು ಬಿಡಿಸುವುದು ಕಷ್ಟ. ಆ ತೊಡಕನ್ನು ಈ ಆಲ್ಬಮ್ ಬಹುಮಟ್ಟಿಗೆ ನಿವಾರಿಸುತ್ತದೆ.

ಎರಡನೆಯ ಆಕ್ಷೇಪ ನೈತಿಕವಾದದ್ದು. 1976ರಲ್ಲಿ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯಿಂದ ಕ್ಲಾಪ್ಟನ್ ವಲಸಿಗರನ್ನು ಹೀಯಾಳಿಸಿ, ವಲಸೆ ವಿರೋಧಿ ರಾಜಕಾರಣಿ ಎನಾಕ್ ಪವೆಲ್ ಅವರನ್ನು ಬೆಂಬಲಿಸಿದ್ದರು; ಅದಕ್ಕೆ ಪ್ರತಿಕ್ರಿಯೆಯಾಗಿಯೇ ‘ರಾಕ್ ಅಗೇನ್‌ಸ್ಟ್ ರೇಸಿಸಂ’ ಚಳವಳಿ ಹುಟ್ಟಿತು. ಅಂಥವರು ಕಪ್ಪು ಜನರ ಸಂಗೀತದಿಂದ ಕೀರ್ತಿ, ಹಣ ಎರಡನ್ನೂ ಗಳಿಸಿದ್ದು ನ್ಯಾಯವೇ? ಹಾಡುಗಳಿಗೆ ರಚನಕಾರರ ಹೆಸರು ಕೊಟ್ಟಿರುವುದು, ಅವರಲ್ಲಿ ಲೋವೆಲ್ ಫುಲ್ಸನ್, ಜಿಮ್ಮಿ ರೋಜರ್ಸ್, ಚಾರ್ಲ್ಸ್ ಬ್ರೌನ್ ಆಗಿನ್ನೂ ಬದುಕಿದ್ದದ್ದು ಗಮನಿಸತಕ್ಕದ್ದೇ. ಆದರೆ ಅದರಿಂದ ಆ ಮಾತುಗಳ ಕಳಂಕ ತೊಳೆದುಹೋಗದು. ಮುದ್ರಿಕೆ ಏನನ್ನು ತೋರಿಸಿಕೊಡುತ್ತದೆ ಎಂಬುದು ಮಾತ್ರ ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಮುದ್ರಿಕೆಯಲ್ಲೇ ಇದೆ.

ಹೆಚ್ಚು ತೂಕದ ಕೊರತೆ ಆಯ್ಕೆಯದು. 1920ರ ದಶಕದಲ್ಲಿ ಬ್ಲೂಸ್ ಮುದ್ರಿಕೆಗಳಿಗೆ ಮಾರುಕಟ್ಟೆ ಕಟ್ಟಿಕೊಟ್ಟ ಮೇಮಿ ಸ್ಮಿತ್, ಮಾ ರೇನಿ, ಬೆಸ್ಸಿ ಸ್ಮಿತ್ ಅವರ ಪರಂಪರೆ ಇಲ್ಲಿಲ್ಲ. ರಾಬರ್ಟ್ ಜಾನ್ಸನ್ ಅವರೂ ಇಲ್ಲ; ಅವರ ಹಾಡುಗಳಿಗೇ ಮೀಸಲಾದ ಆಲ್ಬಮನ್ನು ಕ್ಲಾಪ್ಟನ್ 2004ರಲ್ಲಿ ತಂದರು. ಹೀಗಾಗಿ ಇದು ಬ್ಲೂಸ್‌ನ ಸಮಗ್ರ ಚರಿತ್ರೆಯಲ್ಲ. 1920ರ ದಶಕದ ಕೊನೆಯಿಂದ 1960ರ ದಶಕದ ಆರಂಭದವರೆಗಿನ ಪುರುಷ ಗಾಯಕರ ಶೈಲಿಗಳ ತುಲನಾತ್ಮಕ ಸಂಕಲನ. ಆ ಮಿತಿಯೊಳಗೆ ವಿಶ್ವಾಸಾರ್ಹ.