ವೇಷದೊಳಗಿನ ಮಾತು

ಕೊಚ್ಚಿಯಲ್ಲಿ ತಯಾರಾದ ಮಾತಿನ ಯಂತ್ರಗಳು ಮೊದಲು ಹೊರಟದ್ದು ಮುದುಕರ ಮನೆಗಲ್ಲ, ಕೌಂಟರಿಗೆ. ಇಲ್ಲಿನ ಅಸಿಮೋವ್ ರೊಬೊಟಿಕ್ಸ್ ಕಟ್ಟಿದ ‘ಇರಾ’ 2017ರಲ್ಲಿ ಮುಂಬೈಯ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ನಿಂತು ಗಿರಾಕಿಗಳಿಗೆ ದಾರಿ ತೋರಿಸಿತು. 2019ರ ಫೆಬ್ರವರಿಯಲ್ಲಿ ಅದೇ ಕಂಪನಿಯ ‘ಕೆಪಿ-ಬಾಟ್’ ತಿರುವನಂತಪುರದ ಪೊಲೀಸ್ ಪ್ರಧಾನ ಕಚೇರಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಯಲ್ಲೇ ಸೇರಿ, ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಗೆ ಸಲ್ಯೂಟ್ ಹೊಡೆಯಿತು. ಆ ದರ್ಜೆಯ ನಕ್ಷತ್ರಗಳಿಗಾಗಿ ವರ್ಷಗಟ್ಟಲೆ ಕಾಯುವ ಕಾನ್‌ಸ್ಟೇಬಲ್‌ಗಳು ಏನಂದುಕೊಂಡರೋ!

ಹಾಗೆಂದು ಮುದುಕರಿಗೇನೂ ಬರವಿರಲಿಲ್ಲ. 2011ರ ಜನಗಣತಿಯಲ್ಲೇ ಕೇರಳದ ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರು. ದೇಶದ ಯಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ಹಲವರ ಮಕ್ಕಳು ಗಲ್ಫಿನಲ್ಲಿ. ಆದರೂ ಯಂತ್ರವನ್ನು ಮುದುಕನೊಬ್ಬನ ಮನೆಯೊಳಗೆ ತಂದು ಬಿಟ್ಟದ್ದು ಸಿನಿಮಾ. 2019ರ ನವೆಂಬರಿನಲ್ಲಿ ಬಂದ ರತೀಶ್ ಬಾಲಕೃಷ್ಣನ್ ಪೊದುವಾಳರ ‘ಆಂಡ್ರಾಯ್ಡ್ ಕುಂಞಪ್ಪನ್’ ಚಿತ್ರದಲ್ಲಿ ಪಯ್ಯನ್ನೂರಿನ ಹಟಮಾರಿ ಅಪ್ಪ ಭಾಸ್ಕರನಿಗೆ ಮಗ ಒಂದು ರೋಬೋ ತಂದುಕೊಡುತ್ತಾನೆ. ಮೊದಮೊದಲು ಮುಖ ಸಿಂಡರಿಸುವ ಅಪ್ಪ, ಕೊನೆಗೆ ಅದನ್ನು ಬಿಟ್ಟಿರಲಾರ. ಆ ರೋಬೋದೊಳಗೆ ಇದ್ದದ್ದು ಸೂರಜ್ ತೇಲಕ್ಕಾಡ್ ಎಂಬ ನಟ. ನಾನು ಕುಂಬಳೆಯವನು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು. ವೇಷದೊಳಗೆ ಮನುಷ್ಯ ಇರಬೇಕೆಂಬುದು ನಮಗೆ ಹೇಳಿಸಿಕೊಳ್ಳಬೇಕಾದ ಸಂಗತಿಯಲ್ಲ.

ಆರು ತಿಂಗಳೊಳಗೆ, 2020ರ ಏಪ್ರಿಲಿನಲ್ಲಿ, ನಾನು ರೇಡಿಯೊ-ಟೀವಿ ರಿಪೇರಿ ಮಾಡಿಕೊಂಡು ಬದುಕಿದ ಕಳಮಶ್ಶೇರಿಗೇ ನಿಜವಾದ ಯಂತ್ರ ಬಂತು. ಎರ್ನಾಕುಲಂ ಸರ್ಕಾರಿ ಮೆಡಿಕಲ್ ಕಾಲೇಜಿನ ಕೋವಿಡ್ ವಾರ್ಡಿಗೆ ಮೋಹನ್‌ಲಾಲರ ವಿಶ್ವಶಾಂತಿ ಫೌಂಡೇಶನ್ ಕೊಟ್ಟ ‘ಕರ್ಮಿ-ಬಾಟ್’. ಮಾಡಿದ್ದು ಅದೇ ಅಸಿಮೋವ್. ಗಾಲಿಯ ಮೇಲೆ ಊಟ, ಔಷಧ ಹೊತ್ತು ಹೋಗುತ್ತಿತ್ತು, ಕಸ ತರುತ್ತಿತ್ತು. ನನ್ನ ಲೆಕ್ಕದಲ್ಲಿ ಅದರ ದೊಡ್ಡ ಕೆಲಸ ಇವಾವುದೂ ಅಲ್ಲ: ಯಾರೂ ಒಳಬರದ ಕೋಣೆಯಲ್ಲಿ ರೋಗಿಗೆ ವೈದ್ಯರ ಮುಖ ತೋರಿಸಿ ಮಾತಾಡಿಸಿದ್ದು. ಸ್ವಂತ ಬುದ್ಧಿಯಿಂದ ಹರಟುವ ಯಂತ್ರಕ್ಕಿಂತ ಇದು ಮೇಲು ಎಂದು ರಿಪೇರಿಯವನಾದ ನನ್ನ ತೀರ್ಪು. 1966ರಲ್ಲಿ ಜೋಸೆಫ್ ವೈಜನ್‌ಬಾಮ್ ಬರೆದ, ಹರಟುವ ಕಂಪ್ಯೂಟರ್ ಪ್ರೋಗ್ರಾಂ ‘ಎಲೈಜಾ’ ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಜನ ಅದಕ್ಕೆ ಮನಸ್ಸು ಬಿಚ್ಚಿದ್ದು ಕಂಡು ಆತನೇ ಕಂಗಾಲಾದ. ಜಪಾನಿನ ತಕನೋರಿ ಶಿಬಾತ ವೃದ್ಧರಿಗೆಂದು ರೂಪಿಸಿದ ಸೀಲ್ ಮರಿ ರೋಬೋ ‘ಪಾರೊ’ ಮಾತೇ ಆಡುವುದಿಲ್ಲ, ಬರೀ ಕುಂಯ್‌ಗುಟ್ಟುತ್ತದೆ. ಜಾಣತನ ಅಂದರೆ ಅದು.

ಮುದುಕರೊಂದಿಗೆ ಮಾತಾಡುವ ಯಂತ್ರ ಸೋಲುವುದು ಸಣ್ಣ ವಿಷಯಗಳಲ್ಲಿ. ವಯಸ್ಸಾದ ಕಿವಿಗೆ ಮೊದಲು ಕೈಕೊಡುವುದು ತಾರಕದ ಸದ್ದು. ಸ, ಶ, ತ ಕಳಚಿಹೋಗುತ್ತವೆ. ತೆಳು ದನಿಯ ಸಹಾಯಕಿ ಎಷ್ಟು ಕೂಗಿದರೂ ಅಷ್ಟೆ. ಇನ್ನು ಮೌನ. ಒಂದು ಗಳಿಗೆ ಸದ್ದಿಲ್ಲದಿದ್ದರೆ ಯಂತ್ರ ಮಾತು ಮುಗಿಯಿತೆಂದು ತಿಳಿಯುತ್ತದೆ. ನನ್ನ ಅಬ್ಬೆ ವಾಕ್ಯದ ನಡುವೆ ವೀಳ್ಯದೆಲೆಗೆ ಸುಣ್ಣ ಹಚ್ಚುವವಳು. ನಮ್ಮೊಂದಿಗೆ ಹವಿಗನ್ನಡ, ತೋಟದವರೊಂದಿಗೆ ತುಳು, ಬಸ್ಸಿನಲ್ಲಿ ಮಲಯಾಳ. ಫೋನಿನ ಮಾತಿನ ಸಹಾಯಕನನ್ನು ಕನ್ನಡಕ್ಕೆ ಹೊಂದಿಸಿ ಎದುರಿಗಿಟ್ಟೆ. ಸುಣ್ಣದ ಡಬ್ಬಿ ತೆರೆಯುವಷ್ಟರಲ್ಲಿ ಅದು ಉತ್ತರ ಕೊಡಲು ಹೊರಟಿತು. ಅಬ್ಬೆ ತುಳುವಿನಲ್ಲಿ ಬೈದಳು. ದಯವಿಟ್ಟು ಮತ್ತೊಮ್ಮೆ ಹೇಳಿ ಎಂದಿತು. ಹೇಳಿದಳು, ಇನ್ನೆರಡು ಬೈಗುಳ ಸೇರಿಸಿ.