ಪ್ರಸಾದಕುಂಡದ ಶರಣರು ಮತ್ತು ಅಂತ್ಯಕಾಲದ ದಾಸೋಹ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯು ದಾಸೋಹಕ್ಕೆ ಹೆಸರಾಗಿತ್ತು. ಬಂದವರಿಗೆ ಅಲ್ಲಿ ಅನ್ನ, ಆಶ್ರಯ, ಗೌರವ ಮೂರೂ ದೊರೆಯುತ್ತಿದ್ದವು. ಅಂತಹ ಮನೆಯ ಪ್ರಸಾದಕುಂಡದಲ್ಲಿಯೇ ಬಹುಕಾಲ ಯಾರ ಕಣ್ಣಿಗೂ ಬೀಳದೆ ಒಬ್ಬ ಶರಣರಿದ್ದರು. ಅವರೇ ಮರುಳಶಂಕರದೇವರು. ಶೂನ್ಯಸಂಪಾದನೆಯು ನಿರೂಪಿಸುವಂತೆ, ಅವರ ನಿಲವನ್ನು ಗುರುತಿಸಿ ಬಸವಣ್ಣನವರಿಗೆ ತೋರಿದವರು ಅಲ್ಲಮಪ್ರಭುದೇವರು. ತಮ್ಮ ಮನೆಯಲ್ಲಿಯೇ ಇದ್ದ ಮಹಿಮರನ್ನು ತಾವು ಅರಿಯಲಿಲ್ಲವಲ್ಲ ಎಂದು ಬಸವಣ್ಣನವರು ನೊಂದುಕೊಂಡರು. ಬಳಿಕ ಮರುಳಶಂಕರದೇವರು ಲಿಂಗೈಕ್ಯರಾದರು.

ಈ ಪ್ರಸಂಗವನ್ನು ಪ್ರಸಾದದ ಮಹಿಮೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ಎಚ್ಚರಿಕೆಯೂ ಅಡಗಿದೆ. ಹಸಿವು ನೀಗಿದ ಮನೆಯಲ್ಲಿಯೂ ಒಬ್ಬರು ಗುರುತಿಲ್ಲದೆ ಉಳಿಯಬಹುದು. ಅನ್ನವಿಕ್ಕುವುದು ದಾಸೋಹದ ಆರಂಭ. ಉಣ್ಣುವವರಲ್ಲಿ ಶಿವನನ್ನು ಕಾಣುವುದು ಅದರ ಪೂರ್ಣತೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನಾದುದರಿಂದ ಪಡೆಯುವವರಿಗೆ ಹಂಗಿನ ಭಾರವಿಲ್ಲ.

ನಿವೃತ್ತರ ನೆಚ್ಚಿನ ಊರೆಂದು ಖ್ಯಾತವಾದ ಮೈಸೂರಿಗೆ ಈ ವಿಚಾರವು ಹತ್ತಿರದ್ದು. ಮಕ್ಕಳು ದೂರದ ನಾಡುಗಳಲ್ಲಿ ನೆಲೆಸಿರುವ ಅನೇಕ ಹಿರಿಯರು ಇಲ್ಲಿನ ವೃದ್ಧಾಶ್ರಮಗಳಲ್ಲಿ ತಮ್ಮ ಕೊನೆಯ ದಿನಗಳನ್ನು ಕಳೆಯುತ್ತಾರೆ. ವೇಳೆಗೆ ಸರಿಯಾಗಿ ಊಟ, ಔಷಧ ದೊರೆತರೂ 'ನಾನು ಪರರಿಗೆ ಹೊರೆಯಾದೆನೆ' ಎಂಬ ಕೊರಗು ಅವರನ್ನು ಬಿಡುವುದಿಲ್ಲ. ಈ ಕೊರಗಿಗೆ ಗುಳಿಗೆಯಿಲ್ಲ.

ಈ ನಗರದಲ್ಲಿ ಸೇವೆಯ ಪರಂಪರೆ ದೀರ್ಘವಾದುದು. ಸುತ್ತೂರು ಮಠದ ಪೂಜ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು (1916-1986) ಬಡ ವಿದ್ಯಾರ್ಥಿಗಳಿಗೆ ಅನ್ನಾಶ್ರಯಗಳನ್ನು ಒದಗಿಸಿ, 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಅದರ ವೈದ್ಯಕೀಯ ಕಾಲೇಜು 1984ರಲ್ಲಿ ಆರಂಭವಾಯಿತು. ಅದೇ ವರ್ಷ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ಯುವಕರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯನ್ನು ಕಟ್ಟಿದರು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಬೇರೂರಿದ ಈ ಸೇವೆಯು ಮುಂದೆ ಮೈಸೂರಿನಲ್ಲಿ ಗುಣಕಾಣದ ರೋಗಿಗಳ ಮನೆಗಳಿಗೇ ತೆರಳುವ ಉಪಶಮನ ಆರೈಕೆಯಾಗಿಯೂ ಬೆಳೆಯಿತು. ಜೀವಸೇವೆಯೇ ಶಿವಸೇವೆ ಎಂಬ ವಿವೇಕಾನಂದರ ಭಾವವು ಶರಣರ ದಾಸೋಹಕ್ಕೆ ದೂರದ್ದಲ್ಲ.

ರೋಗ ಗುಣವಾಗದಿದ್ದರೂ ನೋವನ್ನು ತಗ್ಗಿಸಿ ಮನಸ್ಸಿಗೆ ನೆಮ್ಮದಿ ನೀಡುವುದೇ ಉಪಶಮನ ಆರೈಕೆ. ಇದಕ್ಕೆ ಆಧುನಿಕ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ದಾದಿಯಾಗಿ, ಬಳಿಕ ವೈದ್ಯೆಯಾಗಿ ದುಡಿದ ಆ ಕ್ರೈಸ್ತ ಶ್ರದ್ಧಾವಂತೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದರು. ಅಂತ್ಯಕಾಲದ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಬಾಂಧವ್ಯದ್ದು, ಆತ್ಮದ್ದೂ ಹೌದೆಂದು ಅವರು ಪ್ರತಿಪಾದಿಸಿದರು. ನಮ್ಮ ನಾಡಿನಲ್ಲಿ ಬೆಂಗಳೂರಿನ ಕರುಣಾಶ್ರಯವು 1999ರಿಂದ ಗುಣಪಡಿಸಲಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ಆರೈಕೆ ಮಾಡುತ್ತಿದೆ.

ಹಂಗಿನ ಕೊರಗಿಗೆ ಮದ್ದು ಲಿಂಗಾಯತ ಸಂಪ್ರದಾಯದಲ್ಲಿಯೇ ಇದೆ. ಮರಣ ಸಮೀಪಿಸಿದವರಿಂದ ವಿಭೂತಿ-ವೀಳ್ಯ ಕೊಡಿಸುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ನಡೆದುಬಂದಿದೆ. ಅಂತ್ಯಕಾಲದ ಶರಣರಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಅವರ ಕೈಯಿಂದಲೇ ಜಂಗಮರಿಗೆ ವಿಭೂತಿ, ವೀಳ್ಯ, ದಕ್ಷಿಣೆಗಳನ್ನು ಕೊಡಿಸಲಾಗುತ್ತದೆ. ಇಲ್ಲಿ ಕೊಡುವವರು ಯಾರೆಂಬುದನ್ನು ಗಮನಿಸಬೇಕು. ನಾಲ್ಕು ಜನ ಹಿಡಿದೆತ್ತಿ ಕೂರಿಸಬೇಕಾದ ಜೀವವೇ ಆ ಹೊತ್ತಿನಲ್ಲಿ ದಾಸೋಹಿ. ಸುತ್ತ ನಿಂತ ಆರೋಗ್ಯವಂತರು ಪಡೆಯುವವರು. ಸಾವನ್ನು ಮಹಾನವಮಿಯೆಂದು ಕಂಡ ಶರಣಧರ್ಮವು ಸಾಯುವವರನ್ನು ಹೊರೆಯೆಂದು ಹೇಗೆ ಎಣಿಸೀತು?

ಆದುದರಿಂದ ವೃದ್ಧಾಶ್ರಮಕ್ಕೆ ಹಣ್ಣುಹಂಪಲು ಹೊತ್ತು ಹೋಗುವ ಭಕ್ತರು ಅಲ್ಲಿಂದ ಏನನ್ನಾದರೂ ಪಡೆದು ಬರುವುದು ಲೇಸು. ಹಿರಿಯರನ್ನು ಹೆಸರು ಹಿಡಿದು ಮಾತನಾಡಿಸಬೇಕು, ಅವರು ಬಾಲ್ಯದಲ್ಲಿ ಕಲಿತ ವಚನವನ್ನು ಹೇಳಿಸಿ ಕೇಳಬೇಕು, ಅವರ ಕೈಯಿಂದ ಹಣೆಗೆ ವಿಭೂತಿ ಹಚ್ಚಿಸಿಕೊಳ್ಳಬೇಕು. ಇಷ್ಟಲಿಂಗವನ್ನು ಹಿಡಿದ ಅಂಗೈ ನಡುಗಿದರೆ, ಆ ಕೈಯ ಕೆಳಗೆ ತಮ್ಮ ಕೈಯನ್ನು ಆಸರೆಯಾಗಿ ಇಡಬೇಕು. ಪೂಜೆ ಅವರದೇ ಆಗಿರುತ್ತದೆ. ಭಾರ ಮಾತ್ರ ಇಬ್ಬರದು.

ಮಹಾಮನೆಯಲ್ಲಿ ಮರುಳಶಂಕರದೇವರನ್ನು ಕಾಣಲು ಅಲ್ಲಮಪ್ರಭುದೇವರೇ ಬರಬೇಕಾಯಿತು. ನಮ್ಮ ಊರಿನ ಪ್ರಸಾದಕುಂಡಗಳಲ್ಲಿ ಗುರುತಿಗಾಗಿ ಕಾದಿರುವ ಹಿರಿಯ ಜೀವಗಳನ್ನು ಕಾಣುವ ಕಣ್ಣನ್ನು ಬಸವಾದಿ ಪ್ರಮಥರು ಸಕಲ ಸದ್ಭಕ್ತರಿಗೂ ಕರುಣಿಸಲಿ.